ಬದುಕಿದ್ದವಳನ್ನು ಕೊಂದ ಪುಟ

ನಾನು ಒಂದು ಮಸಿದೌತಿ. ಅಮೆರಿಕದ ಒಂದು ಹಳ್ಳಿಯ ಕುಂಬಾರನ ಚಕ್ರದ ಮೇಲೆ ಹುಟ್ಟಿದೆ. ಆವಿಗೆಯಿಂದ ಹೊರಬಂದಾಗ ನನ್ನ ಬಾಯಿ ಸೊಟ್ಟಗಿತ್ತು. “ಇದನ್ನ ಯಾರು ತಗೋತಾರೆ?” ಎಂದು ಕುಂಬಾರ ಬದಿಗಿಟ್ಟ.

ತೆಗೆದುಕೊಂಡವಳು ಟ್ಯಾಬಿತಾ ಕ್ರೇನ್. ಆಗ ಆ ದೇಶಕ್ಕೆ ಇನ್ನೂ ಎಳೆಯ ವಯಸ್ಸು. ಅದರ ಹಿಂದಿನ ದಿನಗಳನ್ನು ಕಾದಂಬರಿ ಮಾಡುವವರು ವಿರಳ, ಹೆಂಗಸರಂತೂ ಇನ್ನೂ ವಿರಳ. ಅವಳ ಪುಸ್ತಕಗಳ ಮೇಲೆ ಅವಳ ಹೆಸರೇ ಇರುತ್ತಿರಲಿಲ್ಲ. ‘ಒಬ್ಬ ಮಹಿಳೆ ಬರೆದದ್ದು’ ಎಂದಷ್ಟೇ. ಇದು ನ್ಯಾಯವೇ ಎಂದು ಕೇಳುವಷ್ಟು ಓದು ನನಗಿಲ್ಲ. ಆದರೂ ಕೇಳುತ್ತೇನೆ.

ಚಳಿಗಾಲದಲ್ಲಿ ನನ್ನೊಳಗಿನ ಮಸಿ ಹೆಪ್ಪುಗಟ್ಟುತ್ತಿತ್ತು. ಟ್ಯಾಬಿತಾ ನನ್ನನ್ನು ರೊಟ್ಟಿ ಸುಡುವ ಒಲೆಯ ಪಕ್ಕ ಇಟ್ಟು, ಅಡುಗೆಮನೆಯಲ್ಲೇ ಬರೆಯುತ್ತಿದ್ದಳು. ಅಲ್ಲಿಗೆ ಬುಟ್ಟಿ ಮಾರಲು ಬರುತ್ತಿದ್ದವಳು ಕೆಜಿಯಾ, ಆ ನೆಲದ ಮೂಲಜನರ ಮುದುಕಿ. ಬಿಳಿಯರು ತನ್ನವರ ಊರನ್ನು ಸುಟ್ಟದ್ದು, ತನ್ನ ಮುತ್ತಜ್ಜಿ ಆ ಬೆಂಕಿಯಿಂದ ತಪ್ಪಿಸಿಕೊಂಡು ಬದುಕಿದ್ದು, ಎಲ್ಲವನ್ನೂ ಅವಳು ಹೇಳಿದಳು.

“ಬರಿ ಮಗಳೇ. ಆದರೆ ಇದ್ದಿದ್ದು ಇದ್ದ ಹಾಗೇ ಬರೀಬೇಕು.”

“ಹಾಗೇ ಬರೀತೀನಿ, ಮಾತು ಕೊಟ್ಟೆ” ಎಂದಳು ಟ್ಯಾಬಿತಾ.

ಮಾತು ಉಳಿಸಿಕೊಂಡಳು. ಅದಕ್ಕೆ ನಾನೇ ಸಾಕ್ಷಿ; ಕೊನೆಯ ಸಾಲಿನವರೆಗೂ ಅವಳು ಬರೆಯುವ ಗರಿ ಅದ್ದಿದ್ದು ನನ್ನಲ್ಲೇ. ಆದರೆ ಅಚ್ಚಿಗೆ ಮೊದಲು ತಿದ್ದುಪಡಿಯ ಹಾಳೆಗಳನ್ನು ಪ್ರಕಾಶಕ ಲಡ್ಲೋ ಅವಳಿಗೆ ತೋರಿಸಲಿಲ್ಲ. ಹೆಂಗಸಿಗೇಕೆ ಆ ತೊಂದರೆ ಎಂದುಕೊಂಡನೋ ಏನೋ. ಪುಸ್ತಕ ಬಂದ ದಿನ ಅವಳು ಸಂಭ್ರಮದಿಂದ ಕೆಜಿಯಾಗೆ ಕೊನೆಯ ಪುಟ ಓದತೊಡಗಿದಳು. ಅದರಲ್ಲಿ ಮುತ್ತಜ್ಜಿ ಬಂಡೆಯಿಂದ ಹಾರಿ ಪ್ರಾಣ ಬಿಟ್ಟಿದ್ದಳು. ಅದು ಟ್ಯಾಬಿತಾ ಬರೆದ ಸಾಲಲ್ಲ.

ಕೆಜಿಯಾ ಬುಟ್ಟಿ ಕೆಳಗಿಟ್ಟಳು. “ಅವಳು ಅಲ್ಲೇ ಸತ್ತಿದ್ರೆ, ನಮ್ಮಜ್ಜಿ ಯಾರ ಹೊಟ್ಟೇಲಿ ಹುಟ್ಟಿದ್ಳು? ನಾನು ಎಲ್ಲಿಂದ ಬಂದೆ?”

ಟ್ಯಾಬಿತಾ ಎದ್ದಳು. ಕೆಜಿಯಾಳ ಆ ಬುಟ್ಟಿಯಲ್ಲೇ ನನ್ನನ್ನೂ ಗರಿಯನ್ನೂ ಇಟ್ಟುಕೊಂಡು ಲಡ್ಲೋನ ಪುಸ್ತಕದಂಗಡಿಗೆ ನಡೆದಳು.

“ಓದುಗರು ಅಳಬೇಕು, ಮಿಸ್ ಕ್ರೇನ್” ಎಂದ ಅವನು ನಗುತ್ತ. “ಬದುಕಿದೋಳಿಗೋಸ್ಕರ ಯಾರು ಅಳ್ತಾರೆ?”

ಅವಳು ಒಂದೊಂದೇ ಪ್ರತಿ ತೆರೆದು, ಕೊನೆಯ ಪುಟಕ್ಕೆ ಅಡ್ಡಗೆರೆ ಎಳೆದು, ‘ಅವಳು ಸಾಯಲಿಲ್ಲ’ ಎಂದು ಬರೆಯತೊಡಗಿದಳು. ಲಡ್ಲೋ ನನ್ನನ್ನು ಕಿತ್ತುಕೊಂಡು ನೆಲಕ್ಕೆ ಬಡಿದ. ನನ್ನ ಅಂಚು ಮುರಿಯಿತು, ಮಸಿ ಅವನ ಬೂಟಿನ ಮೇಲೆ ಚೆಲ್ಲಿತು. ಹೇಳಬಾರದು, ಆದರೆ ಅದರಿಂದ ನನಗೆ ಸಂತೋಷವೇ ಆಯಿತು.

ಆಮೇಲೆ ಅವಳ ಬರಹವನ್ನು ಯಾರೂ ಅಚ್ಚು ಹಾಕಲಿಲ್ಲ. ಅವಳು ಬರೆಯುವುದನ್ನು ನಿಲ್ಲಿಸಲೂ ಇಲ್ಲ. ಅವಳು ತೀರಿಕೊಂಡ ಮೇಲೆ ಸೋದರಸೊಸೆ ನನ್ನಲ್ಲಿ ಅಂಗಿಯ ಗುಂಡಿಗಳನ್ನು ಹಾಕಿಟ್ಟಳು. ಆ ಸೊಸೆಯ ಮಕ್ಕಳು ನನ್ನನ್ನೂ ಕೆಜಿಯಾಳ ಬುಟ್ಟಿಯನ್ನೂ ಒಂದು ವಸ್ತುಸಂಗ್ರಹಾಲಯಕ್ಕೆ ಕೊಟ್ಟರು. ಈಗ ಗಾಜಿನ ಪೆಟ್ಟಿಗೆಯಲ್ಲಿ ನಾವಿಬ್ಬರೂ ಅಕ್ಕಪಕ್ಕ. ಮುಂದೊಂದು ಚೀಟಿ: ‘ಅಳಿದುಹೋದ ಜನರ ಬುಟ್ಟಿ. ಅವರ ಕೊನೆಯ ಕಥೆ ಬರೆದ ಲೇಖಕಿಯ ದೌತಿ.’

ಮೊನ್ನೆ ಒಬ್ಬ ಹೆಂಗಸು ತನ್ನ ವಯಸ್ಸಾದ ತಾಯಿಯೊಂದಿಗೆ ಬಂದಿದ್ದಳು.

“ಅಮ್ಮ, ಈ ಅಂಚು ನೋಡು. ನೀನು ಹೆಣೆಯೋ ಹಾಗೇ ಇದೆ.”

“ನಂಗೆ ಹೇಳ್ಕೊಟ್ಟಿದ್ದು ನಮ್ಮಜ್ಜಿ ಕಣೇ” ಎಂದು ತಾಯಿ ಕನ್ನಡಕ ಏರಿಸಿ ಚೀಟಿ ಓದಿದಳು. “ಅಳಿದುಹೋದವರಂತೆ! ಹಾಗಾದ್ರೆ ಬಾಗಿಲಲ್ಲಿ ಟಿಕೆಟ್ ತಗೊಂಡಿದ್ದು ಯಾರು, ನಮ್ಮ ದೆವ್ವನಾ?”

ಇಬ್ಬರೂ ನಕ್ಕರು. ನನಗೆ ನಗು ಬರಲಿಲ್ಲ.

ನನ್ನ ತಳದಲ್ಲಿ ಇನ್ನೂ ಟ್ಯಾಬಿತಾಳ ಮಸಿ ಒಣಗಿ ಅಂಟಿದೆ. ಒಂದು ಹನಿ ನೀರು ಬಿದ್ದರೆ ಕರಗೀತು. ಆ ಚೀಟಿಯನ್ನು ತಿದ್ದಲು ಅಷ್ಟು ಸಾಕು. ಯಾರಾದರೂ ಈ ಗಾಜು ತೆಗೆಯಿರಿ.