ಇದು ಯಾರಿಗೆ?

ಕೊಯಮತ್ತೂರಿನ ಆ ನೂಲಿನ ಗಿರಣಿಯ ಆಫೀಸಿಗೆ ಯಾವ ಕಾಗದ ಬಂದರೂ ಮ್ಯಾನೇಜರು ಸುಬ್ಬಯ್ಯನ್ ಅದನ್ನು ಎತ್ತಿ ಹಿಡಿದು, "ವ್ಯಾಸರಾಯರೇ, ಇದು ಯಾರುಕ್ಕು?" ಎಂದು ಕೇಳುತ್ತಿದ್ದರು. ಅದು ಯಾರಿಗೆ ಎಂದು ಹೇಳಬಲ್ಲವರು ಹಳೇ ಗುಮಾಸ್ತರಾದ ವ್ಯಾಸರಾಯರೊಬ್ಬರೇ. ಹತ್ತೊಂಬತ್ತು ವರ್ಷ ಆ ಒಂದು ಪ್ರಶ್ನೆಯ ಮೇಲೆ ಅವರು ಮೀಸೆ ತಿರುವಿದ್ದರು.

೧೯೫೫ರಲ್ಲಿ ಟೈಪಿಸ್ಟ್ ವಾರಿಜಾಕ್ಷಿ ಬಂದಳು. ಬಂದವಳು ಟೈಪು ಮಾಡಿಕೊಂಡು ಸುಮ್ಮನಿರಬಾರದೇ? ಪ್ರತಿ ಕಾಗದಕ್ಕೂ ಒಂದು ಚೀಟಿ ಚುಚ್ಚತೊಡಗಿದಳು: ಇದು ಯಾರಿಗೆ, ಅವರಿಗೆ ಓದು ಬರುತ್ತದೆಯೇ, ಬಾರದಿದ್ದರೆ ಯಾರು ಓದಿ ಹೇಳಬೇಕು. ಮ್ಯಾನೇಜರು ಚೀಟಿ ನೋಡಿ ತಲೆದೂಗುವರು, ಕಾಗದ ಕಳಿಸುವರು. ವ್ಯಾಸರಾಯರ ಕಡೆ ತಿರುಗಿಯೂ ನೋಡರು.

ಹೊಟ್ಟೆ ಉರಿಯದೆ ಇರುತ್ತದೆಯೇ? "ನಿನ್ನೆ ಬಂದ ಹುಡುಗಿ, ನನ್ನ ವೇಲೇನೇ, ನನ್ನ ಕೆಲಸಾನೇ ಕಿತ್ಕೊಂಡ್ಳು" ಎಂದು ಹೆಂಡತಿ ತುಳಸಮ್ಮನ ಮುಂದೆ ಹಲ್ಲು ಕಡಿದರು. "ನೀವೂ ಒಂದು ಚೀಟಿ ಬರೀರಿ" ಎಂದಳು ಆಕೆ. ಅಂದು ಊಟ ಅರ್ಧಕ್ಕೇ ನಿಂತಿತು.

ಒಂದು ಗುರುವಾರ ವಾರಿಜಾಕ್ಷಿಯ ಮೇಜಿನ ಮೇಲೆ ಒಂದು ಪ್ರಕಟಣೆಯಿತ್ತು: ಶನಿವಾರ ಕರೆಂಟಿಲ್ಲ, ಕೆಲಸಗಾರರಿಗೆ ರಜೆ. ಅದರ ಚೀಟಿಯಲ್ಲಿ, 'ರೀಲಿಂಗ್ ವಿಭಾಗದ ಹೆಂಗಸರಿಗೆ. ಓದು ಬಾರದು, ಮೇಸ್ತ್ರಿ ಗಟ್ಟಿಯಾಗಿ ಓದಿ ಹೇಳಬೇಕು.' ಅವಳು ಎದ್ದು ಹೋದದ್ದೇ ತಡ, ವ್ಯಾಸರಾಯರು ಅದನ್ನು ಕಿತ್ತು ಮುದುರಿ ಬುಟ್ಟಿಗೆಸೆದು, ಬೇರೊಂದು ಕಾಗದದಿಂದ ಅವಳದೇ ಕೈಬರಹದ ಚೀಟಿ ತೆಗೆದು ಚುಚ್ಚಿದರು: 'ವಿಭಾಗದ ಮುಖ್ಯಸ್ಥರಿಗೆ ಮಾತ್ರ.' ಮುಖ್ಯಸ್ಥರು ಓದಿಕೊಂಡು ಮಡಚಿಟ್ಟರು.

ಶನಿವಾರ ಅನ್ನೂರಿನ ಮೊದಲ ಬಸ್ಸಿನಲ್ಲಿ ಬಂದ ಮೂವತ್ತು ಹೆಂಗಸರು ಬುತ್ತಿ ಹಿಡಿದು ಗೇಟಿನ ಮುಂದೆ ನಿಂತರು. "ಜ್ವರದ ಕೂಸನ್ನ ಬಿಟ್ಟು ಬಂದ್ನಲ್ಲ ಸಾಮಿ, ಒಂದು ಮಾತು ಹೇಳ್ಬಾರ್ದಾ?" ಎಂದಳು ಅವರಲ್ಲೊಬ್ಬಳು, ಬೆಳ್ಳಿಯಮ್ಮ. ವ್ಯಾಸರಾಯರು ತಲೆ ತಗ್ಗಿಸಿ ಒಳಗೆ ನಡೆದರು.

ಮ್ಯಾನೇಜರು ಕೆಂಡವಾದರು. ವಾರಿಜಾಕ್ಷಿ ಚೀಟಿ ನೋಡಿದಳು, ವ್ಯಾಸರಾಯರನ್ನು ಒಮ್ಮೆ ನೋಡಿದಳು. ಚೀಟಿ ಅದಲುಬದಲಾಗಿದೆ, ತಪ್ಪು ತನ್ನದೇ ಎಂದುಬಿಟ್ಟಳು. ಕೆಲಸ ಉಳಿಯಿತೆಂದು ವ್ಯಾಸರಾಯರಿಗೆ ನೆಮ್ಮದಿಯಾಗಬೇಕಿತ್ತು. ಆಗಲಿಲ್ಲ; ಹೊಟ್ಟೆ ಇನ್ನಷ್ಟು ಉರಿಯಿತು. ತಪ್ಪು ಮಾಡಿದವರು ತಾವು, ದೊಡ್ಡತನ ಮೆರೆದದ್ದು ಅವಳು!

ಮಧ್ಯಾಹ್ನ ಅವರ ಮೇಜಿನ ಮೇಲೊಂದು ಲಕೋಟೆ. ಒಳಗೆ ಅವರು ಬುಟ್ಟಿಗೆಸೆದ ಚೀಟಿ, ಸುಕ್ಕು ಬಿಡಿಸಿದ್ದು. ಅದಕ್ಕೆ ಚುಚ್ಚಿದ ಹೊಸ ಚೀಟಿಯಲ್ಲಿ, 'ವ್ಯಾಸರಾಯ ಮಾಮನಿಗೆ ಮಾತ್ರ. ಓದು ಬರುತ್ತದೆ; ಗಟ್ಟಿಯಾಗಿ ಓದಬೇಕಾಗಿಲ್ಲ.'

ಆ ದಾರಿಯಲ್ಲಿ ಹೋಗುತ್ತಿದ್ದ ಮ್ಯಾನೇಜರು ನಿಂತರು. "ವ್ಯಾಸರಾಯರೇ, ಇದು ಯಾರುಕ್ಕು?"

ಏಳು ತಿಂಗಳಿಂದ ಅವರು ಕಾದಿದ್ದ ಪ್ರಶ್ನೆ.

"ಎನಕ್ಕುದಾನ್ ಸಾರ್." ನನಗೇ ಎಂದು ಹೇಳಿ ಅವರು ಚೀಟಿಗಳನ್ನು ಮತ್ತೆ ಲಕೋಟೆಯೊಳಗೆ ಹಾಕಿದರು.