ಚಂದಯ್ಯನ ರೇಜರ್

ರಾಮನ ಅಂಗಿ ಸರಿಸಿದ ಸುಗುಣ ಸಿಸ್ಟರ್ ಹಾಗೇ ನಿಂತುಬಿಟ್ಟಳು. ಹೊಟ್ಟೆಯ ಕೆಳಭಾಗ ನುಣ್ಣಗೆ ಬೋಳಾಗಿತ್ತು. ನಡುವೆ ರೇಜರ್ ತಾಗಿದ ಎರಡು ಕೆಂಪು ಗೀರು.

"ಯಾರ್ ಮಾಡದ್ದ್ ಇದ್?"

"ಚಂದಯ್ಯ. ನಾನೇ ಕೇಂಡದ್ದ್," ಎಂದ ಉಪ್ಪುಂದದ ದೋಣಿಯವ ರಾಮ.

ಆಪರೇಷನ್ನಿಗೆ ಮುಂಚೆ ರೇಜರ್ ಮುಟ್ಟಬಾರದೆಂಬ ನಿಯಮ ಬಂದು ಮೂರು ತಿಂಗಳಾಗಿತ್ತು. ಚರ್ಮದ ಸಣ್ಣ ಗೀರೂ ಕೀವಿಗೆ ದಾರಿ. ಕೂದಲು ತೆಗೆಯಲೇಬೇಕಿದ್ದರೆ ಕೊನೇ ಗಳಿಗೆಯಲ್ಲಿ ಕ್ಲಿಪ್ಪರಿನಿಂದ ಕತ್ತರಿಸಬೇಕು. ರಾಮನದು ಹರ್ನಿಯಾ, ಒಳಗೆ ತೆಳು ಬಲೆಯ ತುಂಡೊಂದನ್ನು ಇಟ್ಟು ಹೊಲಿಯುವವರಿದ್ದರು. ಅದಕ್ಕೆ ಕೀವು ಹಿಡಿದರೆ ಮುಗಿಯಿತು. ಸುಗುಣ ಕೈಯಲ್ಲಿದ್ದ ತಪಾಸಣೆಯ ಹಾಳೆಯಲ್ಲಿ ಇದನ್ನು ಬರೆದರೆ ಇವತ್ತಿನ ಆಪರೇಷನ್ ನಿಲ್ಲುತ್ತದೆ. ರೇಜರ್ ಹಿಡಿದದ್ದಕ್ಕೆ ಆಗಲೇ ಎರಡು ಸಲ ಎಚ್ಚರಿಕೆ ಪಡೆದಿದ್ದ ಚಂದಯ್ಯನ ಕೆಲಸವೂ ಹೋಗುತ್ತದೆ.

ಕುಂದಾಪುರದ ಈ ಆಸ್ಪತ್ರೆಯಲ್ಲಿ ಮೂವತ್ತು ವರ್ಷ ರೋಗಿಗಳ ಮೈ ಬೋಳಿಸಿ ಥಿಯೇಟರಿಗೆ ಕಳಿಸಿದವ ಆತ. ಸುಗುಣ ಹೈಸ್ಕೂಲಿನಲ್ಲಿದ್ದಾಗ ಅವಳ ಅಪ್ಪ ಇದೇ ವಾರ್ಡಿನಲ್ಲಿ ಹೆದರಿ ಮುದ್ದೆಯಾಗಿ ಕೂತಿದ್ದರು. ಆಪರೇಷನ್ ಎಂದರೆ ಯಮನ ಮನೆಯ ಜಗಲಿ ಎಂದೇ ನಂಬಿದ್ದವರು! ಚಂದಯ್ಯ ಬಿಸಿನೀರು, ಸೋಪು ತಂದು, ರೇಜರ್ ಆಡಿಸುತ್ತಲೇ ಕೋಳಿಪಡೆಯಲ್ಲಿ ಹುಂಜಗಳು ಕಾದಾಡಿದ ಕಥೆ ಹೇಳಿದ್ದ. ಅಪ್ಪ ನಗುತ್ತಲೇ ಒಳಗೆ ಹೋಗಿದ್ದರು. ಆ ಸೋಪಿನ ವಾಸನೆ ವಾರ್ಡಿನಿಂದ ಹೋದದ್ದಕ್ಕೆ, ನಿಯಮ ಸರಿಯೆಂದು ಗೊತ್ತಿದ್ದರೂ, ಅವಳಿಗೆ ಬೇಸರವಿತ್ತು.

ಚಂದಯ್ಯ ಬಾಗಿಲಲ್ಲಿ ನಿಂತಿದ್ದ. "ಅವಂಗೆ ಹೆದ್ರಿಕೆಗೆ ರಾತ್ರಿ ನಿದ್ರಿಯೇ ಬರ್ಲಿಲ್ಲ ಅಂಬ್ರ್. ಪಾಪ ಕಂಡ್ತ್ ಮಗಾ."

"ಈಗ ನಾ ಎಂತ ಮಾಡ್ಕ್? ನೀವೇ ಹೇಳಿ."

ಆತ ಬಗ್ಗಿ ಗೀರುಗಳನ್ನು ನೋಡಿದ. ಮೊದಲೆಲ್ಲ ಅವನ ರೇಜರಿನಿಂದ ಒಂದು ಗೀರೂ ಬೀಳುತ್ತಿರಲಿಲ್ಲ.

"ಬರಿ," ಎಂದ. "ತಪ್ಪ್ ನಂದೇ. ಅವ್ನ್ ಹೊಟ್ಟೆ ಒಳ್ಗೆ ಕೀವ್ ಆಪುಕಾಗ."

ಸುಗುಣ ಬರೆದಳು. ಬರೆಯುವಾಗ ಅಳು ಬಂತು, ತಡೆಯಲಿಲ್ಲ.

ಡಾಕ್ಟರು ಆಪರೇಷನ್ನನ್ನು ಎರಡು ವಾರ ಮುಂದೆ ಹಾಕಿದರು. ಚಂದಯ್ಯನಿಗೆ ಇಂದೇ ಕಡೆಯ ದಿನವೆಂದು ಆಫೀಸಿನಿಂದ ಮಾತು ಬಂತು. ಆತ ಹೋಗಿ ರಾಮನ ಮಂಚದ ಅಂಚಿಗೆ ಕೂತ.

"ಹ್ವಾಯ್, ಇಷ್ಟ್ ವರ್ಷ ನೀ ಮೀನಿಗೆ ಬಲೆ ಹಾಕ್ದೆ. ನಿನ್ ಹೊಟ್ಟೆಗ್ ಹಾಕುಕೆ ಮುಹೂರ್ತ ಕಾಣುದ್ ಬ್ಯಾಡ್ದಾ?"

ರಾಮ ಹೊಟ್ಟೆ ಹಿಡಿದುಕೊಂಡು ನಕ್ಕ. ಆಚೆ ಮಂಚದ ಮುದುಕನೂ ತಲೆಯೆತ್ತಿದ. ಅವನ ಆಪರೇಷನ್ ಮರುದಿನವಿತ್ತು.

"ನಾಳೆ ನನ್ ಹತ್ರವೂ ಬತ್ರಿ ಅಲ್ದಾ?"

"ನಾಳೆ ಎಂತಕ್ಕೆ? ಈಗ್ಲೇ ಒಂದ್ ಕಥೆ ಹೇಳ್ತೆ, ಕೇಣಿ," ಎಂದ ಚಂದಯ್ಯ.

ಮುದುಕ ಮಂಚದಿಂದಿಳಿದು ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡ.