ಟಾಸ್ ಹಾಕಿ ಗೆದ್ದ ಕ್ವಾರ್ಟರ್ ಫೈನಲ್

ಜಾಸಿರ್ ಪೆನಾಲ್ಟಿ ಹಿಡಿದದ್ದನ್ನು ಊರಿನವರೆಲ್ಲ ನೋಡಿದ್ದಾರೆ, ನಾನು ಮಾತ್ರ ನೋಡಿಲ್ಲ. ಅವನು ನನ್ನ ತಮ್ಮ, ಆಲಂಕಾರು ಟೀಮಿನ ಗೋಲ್‌ಕೀಪರ್. ಕೊಯಿಲದವರ ಮೇಲೆ ಆಟ ಇದ್ದ ದಿನ ನಾನು ಎಲೆ, ತಂಬಾಕು ತುಂಬಿದ ಗೆರಸೆ ತೊಡೆಯ ಮೇಲಿಟ್ಟುಕೊಂಡು ಬೀಡಿ ಕಟ್ಟುತ್ತಾ, ಮೊಬೈಲನ್ನು ನೀರಿನ ಚೆಂಬಿಗೆ ಒರಗಿಸಿ ಲೈವ್ ನೋಡುತ್ತಿದ್ದೆ. ಕೊಯಿಲದ ಹುಡುಗ ಚೆಂಡು ಇಟ್ಟು ಹಿಂದಕ್ಕೆ ನಡೆದ. ಅಷ್ಟರಲ್ಲಿ ಕ್ಯಾಮೆರಾ ತಿರುಗಿ ಸ್ಟೇಜಿಗೆ ಹೋಯಿತು. ಅಲ್ಲಿ ಯಾರೋ ಅತಿಥಿಗೆ ಶಾಲು ಹಾಕುತ್ತಿದ್ದರು. ಜನ ಒಟ್ಟಿಗೆ ಬೊಬ್ಬೆ ಹೊಡೆದದ್ದು ಕೇಳಿತು. ಕಾಣಿಸಿದ್ದು ಶಾಲಿನ ಜರಿ.

ಆ ದಿನದಿಂದ ನನಗೆ ಒಂದೇ ಹಠ. ಅವನು ಚೆಂಡು ಹಿಡಿಯುವುದನ್ನು ಒಮ್ಮೆ ನನ್ನ ಕಣ್ಣಿನಿಂದಲೇ ನೋಡಬೇಕು.

ನಮ್ಮಲ್ಲಿ ಹೆಂಗಸರು ಮೈದಾನಕ್ಕೆ ಹೋಗುವ ಕ್ರಮ ಇಲ್ಲ. ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟ ಮೇಲೆ ನಾನು ಹೋದದ್ದೆಲ್ಲ ಕಟ್ಟಿದ ಬೀಡಿ ಕೊಡಲು ಬ್ರಾಂಚಿಗೆ ಮತ್ತು ಮದುವೆಗಳಿಗೆ. ಆದರೆ ಪುತ್ತೂರು, ಸುಳ್ಯ, ಕಡಬ ಸೇರಿಸಿ ನಡೆಸುವ ಈ ಮೂರು ತಾಲೂಕಿನ ಕಪ್ಪಿಗೆ ಈ ಸಲ ದೊಡ್ಡ ಫ್ಲೆಕ್ಸ್ ಹಾಕಿದ್ದರು. ಅತಿಥಿಗಳ ಮುಖಗಳೆಲ್ಲ ಮುಗಿದ ಮೇಲೆ ಕೆಳಗೆ ಸಣ್ಣ ಅಕ್ಷರದಲ್ಲಿ, ಮಹಿಳೆಯರಿಗೆ ಪ್ರತ್ಯೇಕ ಗ್ಯಾಲರಿ ಉಂಟು ಎಂದು ಬರೆದಿತ್ತು. ಜಾಸಿರ್ ಅದರ ಫೋಟೋ ತೆಗೆದು ಕಳಿಸಿದ. ನಾನು ಅದನ್ನು ನಮ್ಮ ತಾಯಿ ಉಮ್ಮನಿಗೆ ತೋರಿಸಿ, ಏನೂ ಹೇಳದೆ ನಿಂತೆ. ಉಮ್ಮ ನನ್ನನ್ನು ನೋಡಿದರು, ಫೋಟೋ ನೋಡಿದರು, ಮತ್ತೆ ಬೀಡಿ ಎಲೆ ಕತ್ತರಿಸಲು ಕೂತರು. ರಾತ್ರಿ ಅನ್ನ ಬಡಿಸುವಾಗ ಹೇಳಿದರು:

"ಒಂದು ಸಲ. ಸೇವಂತಿ ಬಂದರೆ ಮಾತ್ರ."

ಸೇವಂತಿ ಅಕ್ಕ ಪಕ್ಕದ ಮನೆಯವರು. ಸುಳ್ಯ ಕಡೆಯಿಂದ ಮದುವೆಯಾಗಿ ಬಂದವರು. ಅವರ ಮಗ ರೂಪೇಶ್ ನಮ್ಮ ಟೀಮಿನಲ್ಲಿ ಮುಂದೆ ಆಡುತ್ತಾನೆ. ನಾನು ಬಾಯಿ ಬಿಡದಷ್ಟೂ ಅವರು ಮಾತಾಡುತ್ತಾರೆ, ಹಾಗಾಗಿ ನಮಗೆ ಒಳ್ಳೆ ಹೊಂದಾಣಿಕೆ.

ಕ್ವಾರ್ಟರ್ ಫೈನಲ್ ಸುಳ್ಯದವರ ಮೇಲೆ. ಮೊದಲ ಭಾನುವಾರ ಪಿಕಪ್ಪಿನಲ್ಲಿ ಇಡೀ ಆಲಂಕಾರು ಪುತ್ತೂರಿಗೆ ಹೋಯಿತು. ಹೋಗಿ ನೋಡಿದರೆ ಮೈದಾನದ ತುಂಬ ಕಾರು. ಪಕ್ಕದ ಕಲ್ಯಾಣ ಮಂಟಪದ ಮದುವೆಗೆ ಪಾರ್ಕಿಂಗಿಗೆ ಕೊಟ್ಟಿದ್ದರಂತೆ. ಮುಂದಿನ ಭಾನುವಾರ ಮೈದಾನ ಖಾಲಿ ಇತ್ತು, ಸುಳ್ಯದವರೂ ಇರಲಿಲ್ಲ. ಅವರಿಗೆ ಹೇಳಲು ಮರೆತಿದ್ದರು. ಅದರ ನಂತರದ ವಾರ ಎರಡೂ ಟೀಮು ಬಂದವು, ರೆಫ್ರಿ ಬರಲಿಲ್ಲ. ಆ ಮೂರು ಸಲವನ್ನೂ ಉಮ್ಮ ನನ್ನ ಆ ಒಂದು ಸಲದ ಲೆಕ್ಕಕ್ಕೆ ಹಿಡಿಯಲಿಲ್ಲ, ಯಾಕೆಂದರೆ ನಾನು ಪಿಕಪ್ಪಿನಿಂದ ಇಳಿದೇ ಇರಲಿಲ್ಲ. ವಾಪಸು ಬರುವಾಗ ಹಿಂದೆ ನಿಂತ ಹುಡುಗರು ಕಮಿಟಿಗೆ ಬೈದು ಬೈದು ಉಪ್ಪಿನಂಗಡಿ ಬರುವಾಗ ಸುಸ್ತಾಗಿ ಸುಮ್ಮನಾಗುತ್ತಿದ್ದರು. ಇನ್ನು ಈ ಕಪ್ಪಿಗೆ ಬಂದರೆ ಕೇಳಿ ಎಂದು ಪ್ರತಿ ಸಲ ಹೇಳುತ್ತಿದ್ದವರೇ ಮುಂದಿನ ವಾರ ಎಲ್ಲರಿಗಿಂತ ಮೊದಲು ಪಿಕಪ್ ಹತ್ತುತ್ತಿದ್ದರು.

ನಾಲ್ಕನೇ ಸಲ ಎಲ್ಲ ಇತ್ತು. ಮೈದಾನ, ಎರಡು ಟೀಮು, ರೆಫ್ರಿ. ಮಹಿಳಾ ಗ್ಯಾಲರಿ ಎಂದರೆ ಗೋಲ್ ಪೋಸ್ಟಿನ ಹಿಂದೆ ಒಂದು ಶಾಮಿಯಾನ, ಅದರಡಿ ಎರಡು ಸಾಲು ಕೆಂಪು ಕುರ್ಚಿ. ಬಂದವರು ನಾವಿಬ್ಬರೇ. ನನಗೆ ಅದೇ ಒಳ್ಳೆಯದಾಯಿತು. ಬಲೆಯ ಆಚೆಗೆ ಜಾಸಿರನ ಬೆನ್ನು ಕೈಗೆಟಕುವಷ್ಟು ಹತ್ತಿರ ಇತ್ತು.

ಆದರೆ ಉದ್ಘಾಟನೆಗೆ ಬರಬೇಕಾದ ಅತಿಥಿ ಬಂದಿರಲಿಲ್ಲ. ಬರುವವರೆಗೆ ಶುರು ಮಾಡುವ ಹಾಗಿಲ್ಲವಂತೆ. ಮೈಕು ಹಿಡಿದವರು ಕಮಿಟಿಯ ಅಚ್ಚುತ. ಇನ್ನು ಕೆಲವೇ ಕ್ಷಣಗಳಲ್ಲಿ ಎಂದು ಅವರು ಹೇಳುತ್ತಲೇ ಇದ್ದರು. ಬಿಸಿಲು ಶಾಮಿಯಾನದ ಒಂದು ಬದಿಯಿಂದ ಇನ್ನೊಂದು ಬದಿಗೆ ಬಂತು. ಕೊನೆಗೆ ಅತಿಥಿ ಬಂದರು, ಜೊತೆಗೆ ಹಿಂಡು ಜನವೂ ಬಂದರು. ಸ್ಟೇಜಿನಲ್ಲಿ ಕುರ್ಚಿ ಸಾಲದೆ ಹುಡುಗರು ನಮ್ಮ ಗ್ಯಾಲರಿಗೆ ಬಂದು ಒಂದೊಂದೇ ಕುರ್ಚಿ ಎತ್ತಿಕೊಂಡು ಹೋಗತೊಡಗಿದರು. ನಾನು ಎದ್ದು ಕೊಟ್ಟೆ. ಸೇವಂತಿ ಅಕ್ಕ ಏಳಲಿಲ್ಲ.

"ಫ್ಲೆಕ್ಸಿನಲ್ಲಿ ಗ್ಯಾಲರಿ ಅಂತ ಬರೆದದ್ದು ನೀವೇ ಅಲ್ವಾ ಮಾರಾಯ್ರೆ? ಈ ಒಂದು ಕುರ್ಚಿಯೇ ಈಗ ಗ್ಯಾಲರಿ. ನನ್ನನ್ನೂ ಸೇರಿಸಿ ಎತ್ತಿಕೊಂಡು ಹೋಗಿ," ಎಂದರು.

ಅಂತೂ ಆಟ ಶುರುವಾಯಿತು. ಮೊದಲ ಅರ್ಧದಲ್ಲಿ ಚೆಂಡು ಆ ಕಡೆಗೇ ಹೆಚ್ಚು ಇತ್ತು. ಸುಳ್ಯದವರು ಎರಡು ಸಲ ಹೊಡೆದರು, ಎರಡೂ ಕಂಬದಿಂದ ದೂರ ಹೋದವು. ನಮ್ಮವರಿಗೂ ಗೋಲ್ ಆಗಲಿಲ್ಲ. ಜಾಸಿರ್ ಕೈ ಉಜ್ಜುತ್ತಾ, ಹೆಜ್ಜೆ ಬದಲಿಸುತ್ತಾ ಕಾದ. ನಾನೂ ಕಾದೆ. ಎರಡನೇ ಅರ್ಧಕ್ಕೆ ಅವನು ಆಚೆ ಬದಿಗೆ ಹೋಗುತ್ತಾನಲ್ಲ ಎಂದು ನನಗೆ ಚಿಂತೆಯಾಯಿತು.

ಎರಡನೇ ಅರ್ಧ ಬರಲೇ ಇಲ್ಲ. ವಿರಾಮಕ್ಕೆ ಸಭಾ ಕಾರ್ಯಕ್ರಮ ಇಟ್ಟಿದ್ದರು. ಸ್ವಾಗತ, ಪ್ರಸ್ತಾವನೆ, ಸನ್ಮಾನ. ಸ್ಟೇಜಿನ ಮೇಲೆ ಯಾರೂ ಬಿಟ್ಟುಹೋಗಬಾರದು ಎಂದು ಕೊನೆಗೆ ಶಾಲು ಸಾಲದೆ ಮೊದಲು ಹಾಕಿದ್ದನ್ನೇ ತೆಗೆದು ಇನ್ನೊಬ್ಬರಿಗೆ ಹಾಕಿದರು. ಆಟಗಾರರು ಗೆರೆಯ ಬದಿಯಲ್ಲಿ ಕೂತು ಹುಲ್ಲು ಕೀಳುತ್ತಿದ್ದರು. ಸುಳ್ಯದಿಂದ ಬಂದವರೂ ನಮ್ಮವರೂ ಈಗ ಒಟ್ಟಾಗಿ ಶಿಳ್ಳೆ ಹೊಡೆದು, ಭಾಷಣ ಸಾಕು ಎಂದು ಕೂಗಿದರು. ಅಚ್ಚುತ ಜನರ ಅಭಿಮಾನಕ್ಕೆ ಮೈಕಿನಲ್ಲಿ ಧನ್ಯವಾದ ಹೇಳಿದರು.

ಭಾಷಣ ಮುಗಿಯುವಾಗ ಬಿಸಿಲು ಹೋಗಿತ್ತು. ಜನರೇಟರ್ ಇತ್ತು, ಲೈಟೂ ಇತ್ತು, ಆದರೆ ಎಲ್ಲ ಲೈಟನ್ನು ಸ್ಟೇಜಿಗೇ ಕಟ್ಟಿದ್ದರು. ಕತ್ತಲಾಗ್ತಾ ಬಂತು, ಇನ್ನೂ ಒಂದು ಪಂದ್ಯ ಉಂಟು, ಹಾಗಾಗಿ ಇದನ್ನು ಟಾಸಿನಲ್ಲಿ ತೀರ್ಮಾನ ಮಾಡುದು ಎಂದು ಅಚ್ಚುತ ಘೋಷಿಸಿದರು. ಆಮೇಲೆ ಅವರಿಗೆ ಒಂದು ಯೋಚನೆ ಬಂತು. ಈ ವರ್ಷದ ವಿಶೇಷ ಎಂದು ಮಹಿಳಾ ಗ್ಯಾಲರಿಯಿಂದ ಒಬ್ಬರು ಸೋದರಿ ಬಂದು ಟಾಸ್ ಹಾಕಬೇಕಂತೆ.

ಸೇವಂತಿ ಅಕ್ಕ ನನ್ನ ಬೆನ್ನಿಗೆ ಕೈ ಇಟ್ಟು, ನೀನು ಹೋಗು, ನಾನು ಎದ್ದರೆ ಈ ಕುರ್ಚಿ ಹೋಗ್ತದೆ ಎಂದರು. ಕಮಿಟಿಯ ಇಬ್ಬರು ಆಗಲೇ ಬಂದು ನಿಂತಿದ್ದರು. ನಾನು ತಲೆ ತಗ್ಗಿಸಿ ನಡೆದೆ. ಅಷ್ಟು ಜನರ ಎದುರು ನಾನು ಹಿಂದೆ ಯಾವತ್ತೂ ನಡೆದಿರಲಿಲ್ಲ. ನಡುವಿನಲ್ಲಿ ಎರಡು ಟೀಮಿನ ಕ್ಯಾಪ್ಟನ್‌ಗಳಿದ್ದರು. ದೂರದಲ್ಲಿ ಜಾಸಿರ್ ಎದ್ದು ನಿಂತಿದ್ದ. ನಾನು ಅವನ ಅಕ್ಕ ಎಂದು ಕಮಿಟಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ, ಯಾರೂ ಕೇಳಲೂ ಇಲ್ಲ.

ನಾಣ್ಯ ನನ್ನ ಕೈಗೆ ಬಂತು. ನೆಲ ನೋಡಿದೆ. ಸುಣ್ಣದ ಗೆರೆ ಸರಿಯಾಗಿ ಕಾಣುತ್ತಿತ್ತು. ಚೆಂಡಾದರೆ ಇನ್ನೂ ಚೆನ್ನಾಗಿ ಕಾಣುತ್ತದೆ.

"ಪೆನಾಲ್ಟಿ ಹೊಡೆಸಿ," ಎಂದೆ. "ಇನ್ನೂ ಬೆಳಕುಂಟು."

ಅಚ್ಚುತ ಬಗ್ಗಿ, ಎಂತ ಹೇಳಿದ್ದು ಎಂದು ಕೇಳಿದರು. ನಾನು ಮತ್ತೊಮ್ಮೆ ಹೇಳಿದೆ. ಈ ಸಲ ಕ್ಯಾಪ್ಟನ್‌ಗಳಿಗೂ ಕೇಳಿತು. ಸುಳ್ಯದ ಹುಡುಗ, ಅವರು ಹೇಳುದು ಸರಿ ಎಂದ. ಅಚ್ಚುತ ನಕ್ಕು ಮೈಕನ್ನು ಬಾಯಿಗೆ ಹಿಡಿದರು.

"ತಂಗಿಗೆ ಸ್ವಲ್ಪ ನಾಚಿಕೆ ಆಗ್ತಾ ಉಂಟು. ಜೋರಾಗಿ ಚಪ್ಪಾಳೆ ಹೊಡೀರಿ."

ಚಪ್ಪಾಳೆ ಬಿತ್ತು. ಅವರು ನನ್ನ ಬೆರಳು ಬಿಡಿಸಿ ನಾಣ್ಯ ತೆಗೆದುಕೊಂಡು ತಾವೇ ಹಾರಿಸಿದರು. ಲೈವ್ ಕ್ಯಾಮೆರಾ ಆ ಹೊತ್ತಿಗೆ ಸರಿಯಾಗಿ ನಮ್ಮ ಮೇಲೆಯೇ ಇತ್ತು.

ಗೆದ್ದದ್ದು ನಾವು. ಆಲಂಕಾರಿನ ಹುಡುಗರು ಕೂಗಬೇಕೋ ಬೇಡವೋ ಎಂದು ಒಬ್ಬರ ಮುಖ ಒಬ್ಬರು ನೋಡಿದರು. ಸುಳ್ಯದವರು ನಮಗೆ ಬೈಯಲಿಲ್ಲ, ಹೆಗಲ ಮೇಲೆ ಕೈ ಹಾಕಿ ಹೋದರು. ಬೈದಿದ್ದರೆ ಒಳ್ಳೆಯದಿತ್ತು. ಪಿಕಪ್ಪಿನಲ್ಲಿ ರೂಪೇಶ್, ನಾನು ಇನ್ನು ಪ್ರಾಕ್ಟೀಸಿಗೆ ನಾಣ್ಯ ತರ್ತೇನೆ ಎಂದ.

ಉಮ್ಮ ಬಾಗಿಲಲ್ಲೇ ಇದ್ದರು. ಗೆದ್ದ ಸುದ್ದಿ ಮೊದಲೇ ತಲುಪಿತ್ತು.

"ಗೋಲ್ ಯಾರು ಹೊಡೆದದ್ದು?" ಎಂದು ಕೇಳಿದರು.

ಜಾಸಿರ್ ಜೆರ್ಸಿ ಬಿಚ್ಚಿ ಬಕೆಟಿಗೆ ಹಾಕಿ ಕಾಲು ತೊಳೆಯಲು ಹೋದ. ನಾನು ಒಳಗೆ ಬಂದು ಗೆರಸೆ ಎಳೆದುಕೊಂಡೆ. ಉಮ್ಮ, ನಿನ್ನದು ಒಂದು ಸಲ ಆಯಿತಲ್ಲ, ಇನ್ನು ಸೆಮಿಫೈನಲ್ ಅಂತ ಕೇಳ್ಬೇಡ ಎಂದರು.

ಬೇರೆ ದಿನವಾದರೆ ನಾನು ಸುಮ್ಮನಿರುತ್ತಿದ್ದೆ.

"ನಾನು ಹೋದದ್ದು ಆಟ ನೋಡ್ಲಿಕ್ಕೆ," ಎಂದೆ. "ಆಟ ಆಗ್ಲೇ ಇಲ್ಲ ಉಮ್ಮ."

ಉಮ್ಮ ಬಕೆಟಿನಿಂದ ಜೆರ್ಸಿ ಎತ್ತಿ ದೀಪದ ಕೆಳಗೆ ಹಿಡಿದರು. ಕೊಯಿಲದ ಆಟದ ದಿನ ಅದರ ಮಣ್ಣು ಹೋಗಲು ಎರಡು ನೀರು ಬೇಕಾಗಿತ್ತು, ಒಗೆದವರು ಅವರೇ. ಈಗ ಮೊಣಕೈ ತಿರುಗಿಸಿ ನೋಡಿದರು, ಎದೆ ನೋಡಿದರು. ಎಲ್ಲಿಯೂ ಮಣ್ಣಿರಲಿಲ್ಲ. ಒಗೆಯದೆ, ಮಡಚಿ ಜಾಸಿರನ ಚೀಲದಲ್ಲೇ ಇಟ್ಟರು.

"ಮುಂದಿನ ಆಟ ಯಾವಾಗ?" ಎಂದು ಕೇಳಿದರು.

ಟೀಮಿನ ವಾಟ್ಸಾಪ್ ಗ್ರೂಪಿಗೆ ಸೆಮಿಫೈನಲಿನ ಫ್ಲೆಕ್ಸ್ ಆಗಲೇ ಬಂದಿತ್ತು. ನಾನು ಮೊಬೈಲ್ ತಿರುಗಿಸಿ ತೋರಿಸಿದೆ. ದಿನಾಂಕದ ಜಾಗ ಖಾಲಿ ಇತ್ತು. ಅತಿಥಿಗಳ ಫೋಟೋ ಮಾತ್ರ ಈ ಸಲ ಎರಡು ಸಾಲು ಹೆಚ್ಚಿತ್ತು.